ಟೈಲ್ಸ್ ಹಾಕುವಾಗ ಎಕ್ಸ್‌ಪಾನ್ಷನ್ ಜಾಯಿಂಟ್: ಎಲ್ಲಿ ಬಿಡಬೇಕು, ಏನು ತುಂಬಬೇಕು?

ತುಂಗಾ_ದಂಡೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ಮನೆ ಕಟ್ಟಿಸುತ್ತಿದ್ದೇವೆ. ಮೋಲ್ಡ್ (ಕಾಂಕ್ರೀಟ್ ಹಾಸು), ಗಾರೆ ಮುಗಿದು ಟೈಲ್ಸ್ ಹಂತಕ್ಕೆ ಬಂದಿದೆ. ಹಾಲ್ ಮತ್ತು ಊಟದ ಜಾಗ ಒಂದೇ ಉದ್ದಕ್ಕೆ ಇದೆ, 34 ಅಡಿಗೆ 14 ಅಡಿ. ಮುಂದೆ ಜಗಲಿ, ಅದಕ್ಕೆ ಮಧ್ಯಾಹ್ನದ ಬಿಸಿಲು ಬೀಳುತ್ತದೆ. ತಾರಸಿ 30ಕ್ಕೆ 40. ಅಲ್ಲಿ ಅಡಿಕೆ ಒಣಗಿಸಲೇಬೇಕು ಅಂತ ಅಪ್ಪನ ಹಟ, ಹಾಗಾಗಿ ಅದಕ್ಕೂ ಟೈಲ್ಸ್.

ಶಿವಮೊಗ್ಗದಲ್ಲಿ ನಮ್ಮ ಭಾವನ ಮನೆಯ ಹಾಲ್‌ನಲ್ಲಿ ಹೋದ ಬೇಸಿಗೆಯಲ್ಲಿ ಪಟಾರ್ ಅಂತ ಸದ್ದಾಯಿತು. ಹೋಗಿ ನೋಡಿದರೆ ಎರಡು ಸಾಲು ಟೈಲ್ಸ್ ಒಂದಕ್ಕೊಂದು ಒರಗಿಕೊಂಡು ಮೇಲೆ ಎದ್ದು ನಿಂತಿತ್ತು. ಒಡೆದಿರಲಿಲ್ಲ, ಬರೀ ಎದ್ದಿತ್ತು. ಅದನ್ನು ನೋಡಿದ ಮೇಲೆ ನನಗೆ ಧೈರ್ಯವಿಲ್ಲ.

ನಮ್ಮ ಟೈಲ್ಸ್ ಕೆಲಸದವರನ್ನು ಕೇಳಿದರೆ "ಗ್ರೌಟ್ ತುಂಬ್ತೀವಲ್ಲ ಸರ್, ಅದೇ ಜಾಯಿಂಟು" ಅನ್ನುತ್ತಾರೆ. ಇಂಜಿನಿಯರ್ "ಎಕ್ಸ್‌ಪಾನ್ಷನ್ ಜಾಯಿಂಟ್ ಬಿಡಿಸಿ" ಅಂತ ಒಂದು ಮಾತು ಹೇಳಿ ಬೈಕ್ ಹತ್ತಿ ಹೋದರು. ಎಲ್ಲಿ, ಎಷ್ಟು ಅಗಲ, ಒಳಗೆ ಏನು ತುಂಬಬೇಕು, ಒಂದೂ ಗೊತ್ತಿಲ್ಲ. ಹಾಲ್ ನಡುವೆ ರಬ್ಬರ್ ಗೆರೆ ಕಾಣುವುದು ಮನೆಯಲ್ಲಿ ಯಾರಿಗೂ ಇಷ್ಟವಿಲ್ಲ, ಅದೊಂದು ತಲೆನೋವು. ಗೊತ್ತಿದ್ದವರು ಹೇಳಿ.

ಸೈಟ್_ಇಂಜಿನಿಯರ್

ಮೊದಲು ಗ್ರೌಟ್ ವಿಷಯ ತೀರಿಸೋಣ. ಸಿಮೆಂಟ್ ಗ್ರೌಟ್ ಒಣಗಿದ ಮೇಲೆ ಗಟ್ಟಿ ವಸ್ತು. ಎಪಾಕ್ಸಿ ಇನ್ನೂ ಗಟ್ಟಿ. ಒತ್ತಿದರೆ ಕುಗ್ಗುವುದಿಲ್ಲ, ಎಳೆದರೆ ಹಿಗ್ಗುವುದಿಲ್ಲ. ಅದು ಕೊಳೆ, ನೀರು ಇಳಿಯದ ಹಾಗೆ ಸಂದು ಮುಚ್ಚಲು ಇರುವುದು. ಎಕ್ಸ್‌ಪಾನ್ಷನ್ ಜಾಯಿಂಟ್ ಅಂದರೆ ಟೈಲ್ಸ್ ಹಿಗ್ಗಲು ಬಿಡುವ ಸಂದು, ಅದರಲ್ಲಿ ತುಂಬುವ ವಸ್ತು ಮೆತ್ತಗಿರಬೇಕು. ಎರಡೂ ಬೇರೆ ಬೇರೆ.

ಇನ್ನು ಟೈಲ್ಸ್ ಯಾಕೆ ಏಳುತ್ತದೆ? ಬಿಸಿಗೆ ಹಿಗ್ಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಮನೆಯೊಳಗೆ ಅದು ಸಣ್ಣ ಪಾಲು. ವಿಟ್ರಿಫೈಡ್ ಟೈಲ್ಸ್ ಒಂದು ಡಿಗ್ರಿ ಬಿಸಿಗೆ ಮೀಟರ್‌ಗೆ ಸುಮಾರು 0.007 ಮಿ.ಮೀ. ಹಿಗ್ಗುತ್ತದೆ. ನಿಮ್ಮ 34 ಅಡಿ ಅಂದರೆ ಹೆಚ್ಚುಕಮ್ಮಿ 10 ಮೀಟರ್. ಚಳಿಗಾಲದ ಬೆಳಗ್ಗೆಗೂ ಏಪ್ರಿಲ್ ಮಧ್ಯಾಹ್ನಕ್ಕೂ ಮನೆಯೊಳಗೆ 15 ಡಿಗ್ರಿ ವ್ಯತ್ಯಾಸ ಹಿಡಿಯಿರಿ. ಹಿಗ್ಗುವುದು ಬರೀ 1 ಮಿ.ಮೀ.

ದೊಡ್ಡ ಪಾಲು ಕೆಳಗಿನ ಕಾಂಕ್ರೀಟ್‌ನದು. ಅದು ಒಣಗುತ್ತಾ ಒಣಗುತ್ತಾ ಕುಗ್ಗುತ್ತದೆ. ಪರೀಕ್ಷೆ ಮಾಡಿದ ಅಂಕಿ ಕೈಯಲ್ಲಿ ಇಲ್ಲದಿದ್ದರೆ ಒಟ್ಟು ಕುಗ್ಗುವಿಕೆ ಉದ್ದದ 0.0003 ಪಾಲು ಅಂತ ಹಿಡಿಯಿರಿ ಎಂದು ಕಾಂಕ್ರೀಟ್‌ನ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. 10 ಮೀಟರ್‌ಗೆ ಅದು 3 ಮಿ.ಮೀ. ಆಯಿತು. ಮೇಲಿನದು 1 ಹಿಗ್ಗಿತು, ಕೆಳಗಿನದು 3 ಕುಗ್ಗಿತು. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದಲ್ಲ, ಹಾಗೆ ಟೈಲ್ಸ್ ಹಾಸು ಗೋಡೆಯಿಂದ ಗೋಡೆಗೆ ಕಚ್ಚಿಕೊಳ್ಳುತ್ತದೆ. ಪಕ್ಕಕ್ಕೆ ಜಾಗವಿಲ್ಲ, ಕೆಳಗೆ ಹೋಗಲಾಗದು. ಉಳಿದಿದ್ದು ಮೇಲೆ ಮಾತ್ರ.

ಮೋಲ್ಡ್ ಹಾಕಿ ಎಷ್ಟು ಬೇಗ ಟೈಲ್ಸ್ ಹಾಕುತ್ತೀರೋ ಅಷ್ಟು ಜಾಸ್ತಿ ಕುಗ್ಗುವಿಕೆ ಟೈಲ್ಸ್ ಅಡಿಯಲ್ಲೇ ನಡೆಯುತ್ತದೆ. ಗೃಹಪ್ರವೇಶದ ಮುಹೂರ್ತ ಇಟ್ಟುಕೊಂಡು ಓಡುವ ಮನೆಗಳಲ್ಲಿ ಈ ರಗಳೆ ಜಾಸ್ತಿ ನೋಡಿದ್ದೇನೆ.

ಕರಣೆ_ಭದ್ರಾವತಿ

ಸರ್, ಲೆಕ್ಕ ಚೆನ್ನಾಗಿದೆ. ಆದರೆ ನಾನು ಟೈಲ್ಸ್ ಕೆಲಸ ಮಾಡಿಕೊಂಡೇ ಬದುಕುತ್ತಿರುವವನು. ಎಷ್ಟೋ ಮನೆಗೆ ಹಾಕಿದ್ದೇನೆ, ಒಳಗೆ ಎಲ್ಲೂ ರಬ್ಬರ್ ತುಂಬಿಲ್ಲ, ಎಲ್ಲೂ ಎದ್ದಿಲ್ಲ. 10 ಅಡಿ, 12 ಅಡಿ ರೂಮಿಗೆಲ್ಲ ಇದು ಬೇಡವೇ ಬೇಡ. ಸುಮ್ನೆ ಮನೆ ಕಟ್ಟುವವರನ್ನು ಹೆದರಿಸಬೇಡಿ.

ಇನ್ನೊಂದು ಮಾತು. ಗ್ಯಾಪ್ ಬೇಡ ಅನ್ನುವವರು ನಾವಲ್ಲ, ಮನೆಯವರು. ಟೈಲ್ಸ್ ನಡುವೆ ಗ್ಯಾಪ್‌ಗೆ ಇಡುವ ತುಂಡು, ಸ್ಪೇಸರ್, ಇಟ್ಟರೆ ಬಂದು ತೆಗೆಸುತ್ತಾರೆ. "ಶೋರೂಮಿನಲ್ಲಿ ಗೆರೆನೇ ಕಾಣ್ತಿರಲಿಲ್ಲ, ನೀವ್ಯಾಕೆ ಗೆರೆ ಬಿಡ್ತೀರಿ" ಅಂತ ಜಗಳ. ಕೊನೆಗೆ ಎದ್ದರೆ ಬೈಗುಳ ಮಾತ್ರ ನಮಗೆ.

ಸೈಟ್_ಇಂಜಿನಿಯರ್

ಮೇಸ್ತ್ರಿಗಳೇ, ಜಗಳ ಬೇಡ, ಒಂದು ಪ್ರಶ್ನೆ. ಗೋಡೆ ಪಕ್ಕದ ಕೊನೇ ಟೈಲ್ಸ್ ಕಟ್ ಮಾಡುವಾಗ ಗೋಡೆಗೆ ಪೂರ್ತಿ ತಾಗಿಸುತ್ತೀರಾ?

ಕರಣೆ_ಭದ್ರಾವತಿ

ಇಲ್ಲ. ತಾಗಿಸಬೇಕು ಅಂದರೆ ಗೋಡೆ ನೇರ ಇರಬೇಕಲ್ಲ ಸರ್! ಅರ್ಧ ಇಂಚು ಬಿಟ್ಟೇ ಕಟ್ ಮಾಡುವುದು. ಮೇಲೆ ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಹಾಕುವ ಟೈಲ್ಸ್ ಪಟ್ಟಿ) ಬಂದು ಮುಚ್ಚಿಕೊಳ್ಳುತ್ತದೆ.

ಸೈಟ್_ಇಂಜಿನಿಯರ್

ಅದೇ ನಿಮ್ಮ ಎಕ್ಸ್‌ಪಾನ್ಷನ್ ಜಾಯಿಂಟು. ನೀವು ಹಾಕಿದ ಟೈಲ್ಸ್ ಯಾಕೆ ಎದ್ದಿಲ್ಲ ಅಂದರೆ ಇದಕ್ಕೇ. ನೀವು ಬಿಡುತ್ತಲೇ ಬಂದಿದ್ದೀರಿ, ಬೇರೆ ಹೆಸರಿನಲ್ಲಿ. ಸಣ್ಣ ರೂಮಿಗೆ ನಡುವೆ ಜಾಯಿಂಟ್ ಬೇಡ ಅಂತ ನೀವು ಹೇಳಿದ್ದೂ ಸರಿ. ಸುತ್ತ ಗೋಡೆಯ ಪಕ್ಕ ಜಾಗ ಇದ್ದರೆ ಸಾಕು.

ಈ ಅಂಚಿನ ಜಾಗ ಹಾಳಾಗುವುದು ಹೇಗೆ ಅಂದರೆ, ಟೈಲ್ಸ್ ಹಾಕಿದ ಮೇಲೆ ಹುಡುಗರು ಉಳಿದ ಸಿಮೆಂಟನ್ನೆಲ್ಲ ಆ ಸಂದಿಗೇ ಬಳಿಯುತ್ತಾರೆ. ಕಸ ಗುಡಿಸಿ ಅಲ್ಲಿಗೇ ತಳ್ಳುತ್ತಾರೆ. ಸ್ಕರ್ಟಿಂಗ್ ಕೂರಿಸುವಾಗ ಕೆಳಗೆ ಸಿಮೆಂಟ್ ಹಾಲು ಸುರಿಯುತ್ತಾರೆ. ಅರ್ಧ ಇಂಚು ಬಿಟ್ಟಿದ್ದು ಕಲ್ಲಾಯಿತು. ಭಾವನ ಮನೆಯಲ್ಲಿ ಹೀಗೇ ಆಗಿರಬಹುದು, ನೋಡದೆ ಹೇಳಲಾಗದು.

ತುಂಗಾ ದಂಡೆಯವರೇ, ಸ್ಕರ್ಟಿಂಗ್ ಕೂರಿಸುವ ಮುಂಚೆ ಒಂದು ಹಳೇ ಹ್ಯಾಕ್ಸಾ ಬ್ಲೇಡ್ ತಗೊಳ್ಳಿ. ಗೋಡೆಗೂ ಟೈಲ್ಸ್‌ಗೂ ನಡುವೆ ಇಳಿಸಿ, ನೆಲದವರೆಗೆ ಮುಟ್ಟಿಸಿ, ಗೋಡೆಯುದ್ದಕ್ಕೂ ಎಳೆದುಕೊಂಡು ಹೋಗಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಸಿಮೆಂಟ್ ಉಂಡೆ ಇದೆ. ಉಳಿಯಲ್ಲಿ ಮೀಟಿ ತೆಗೆಸಿ. ಕಂಬದ ಸುತ್ತ, ಬಾಗಿಲ ಚೌಕಟ್ಟಿನ ಬುಡ, ಮೆಟ್ಟಿಲಿನ ಮೊದಲ ಹಂತ ಮರೆಯಬೇಡಿ. ಆಮೇಲೆ ಆ ಸಂದಿಗೆ ತೆಳು ಥರ್ಮಾಕೋಲ್ ಪಟ್ಟಿ ಅಥವಾ ಫೋಮ್ ಪಟ್ಟಿ ಇಳಿಸಿಬಿಡಿ. ಇನ್ನು ಯಾರು ಏನು ಸುರಿದರೂ ಕೆಳಗೆ ಹೋಗುವುದಿಲ್ಲ. ಸ್ಕರ್ಟಿಂಗ್‌ನ ಕೆಳ ಅಂಚು ನೆಲದ ಟೈಲ್ಸ್ ಮೇಲೆ ಒತ್ತಿ ಕೂರಬಾರದು. ಒಂದು ಕಾರ್ಡಿನಷ್ಟು ಸಂದು ಬಿಟ್ಟು ಸಿಲಿಕಾನ್ ಗೆರೆ ಎಳೆದರೆ ಮುಗಿಯಿತು.

ತುಂಗಾ_ದಂಡೆ

ಇದು ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ. ಹಾಗಾದರೆ ಹಾಲ್ ನಡುವೆ ಗೆರೆ ಬೇಡ ಅಲ್ವಾ?

ಸೈಟ್_ಇಂಜಿನಿಯರ್

ನಿಮ್ಮದು 34 ಅಡಿ, ಒಂದು ಬೇಕು. ಅಮೆರಿಕದ ಟೈಲ್ ಕೌನ್ಸಿಲ್ ಕೈಪಿಡಿಯಲ್ಲಿ ಇಜೆ171 ಅಂತ ಒಂದು ಭಾಗವಿದೆ. ಬಹಳ ಇಂಜಿನಿಯರ್‌ಗಳು ಅದನ್ನು ನೋಡುತ್ತಾರೆ. ಮನೆಯೊಳಗೆ ಎರಡೂ ದಿಕ್ಕಿನಲ್ಲಿ 25 ಅಡಿಗೊಂದು. ಬಿಸಿಲು ನೇರವಾಗಿ ಬೀಳುವ ಅಥವಾ ಒದ್ದೆಯಾಗುವ ಒಳಗಿನ ಜಾಗಕ್ಕೆ 12 ಅಡಿಗೊಂದು. ಹೊರಗೆ 8ರಿಂದ 12 ಅಡಿಗೊಂದು.

ನಿಮಗೆ ಹಾಲ್ ಮುಗಿದು ಊಟದ ಜಾಗ ಶುರುವಾಗುವಲ್ಲಿ ಮೇಲೆ ಬೀಮ್ ಇರಬೇಕಲ್ಲ? ಅದರ ನೇರಕ್ಕೆ, ಎರಡು ಟೈಲ್ಸ್ ಸೇರುವ ಗೆರೆಯಲ್ಲೇ ಬಿಡಿ. 6 ಮಿ.ಮೀ. ಸಾಕು. ಲೆಕ್ಕ ಹೇಳುತ್ತೇನೆ. ಒಟ್ಟು ಅಲುಗಾಟ 4 ಮಿ.ಮೀ. ಎರಡು ತುದಿಯ ಗೋಡೆ, ನಡುವಿನ ಗೆರೆ, ಒಟ್ಟು ಮೂರು ಕಡೆ ಹಂಚಿದರೆ ಒಂದೊಂದಕ್ಕೆ 1.3. ಒಳ್ಳೆ ಸೀಲೆಂಟ್ (ಸಂದಿಗೆ ತುಂಬುವ ರಬ್ಬರಿನಂಥ ವಸ್ತು) ತನ್ನ ಅಗಲದ ಕಾಲು ಭಾಗ ಕುಗ್ಗಿ ಹಿಗ್ಗಿ ತಡೆದುಕೊಳ್ಳುತ್ತದೆ, ಡಬ್ಬಿ ಮೇಲೆ 25 ಅಂತ ಬರೆದಿರುತ್ತದೆ. 6ರ ಕಾಲು ಭಾಗ 1.5. ಹೊಂದಿತು.

ಗ್ರೌಟ್ ಬಣ್ಣದ್ದೇ ಸೀಲೆಂಟ್ ತಂದು ತುಂಬಿಸಿದರೆ ನಿಂತು ಹುಡುಕಿದವರಿಗೆ ಮಾತ್ರ ಕಾಣುತ್ತದೆ. ಮನೆಯಲ್ಲಿ ಗೆರೆ ಬೇಡ ಅಂದವರಿಗೆ ಹಾಕಿ ಮುಗಿಸಿದ ಮೇಲೆ ಹೇಳಿ 😀

ಟೈಲ್ಸ್_ಅಂಗಡಿಯವ

ನಾನು ಮಾರುವವನು, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಸೋಸಿಕೊಂಡೇ ಓದಿ.

ಗುಜರಾತಿನ ಮೊರ್ಬಿಯಿಂದ ಬರುವ ಈಗಿನ ಫೋರ್ ಬೈ ಟೂ (4 ಅಡಿಗೆ 2 ಅಡಿ) ಟೈಲ್ಸ್ ಅಂಚು ಬ್ಲೇಡಿನಲ್ಲಿ ಕೊರೆದು ನೇರ ಮಾಡಿರುತ್ತಾರೆ. ಅದಕ್ಕೇ ಜನ ಗ್ಯಾಪ್ ಇಲ್ಲದೆ ಜೋಡಿಸುವುದು. ಗ್ಯಾಪ್ ಬಿಡಲೇಬೇಕು ಅಂತ ನಾವೂ ಹೇಳುತ್ತೇವೆ, ಡಬ್ಬದ ಮೇಲೂ ಬರೆದಿರುತ್ತದೆ, ಯಾರೂ ಓದುವುದಿಲ್ಲ. ಕನಿಷ್ಠ 2 ಮಿ.ಮೀ. ಸ್ಪೇಸರ್ ಹಾಕಿ. ಅಂಚಿಗೆ ಅಂಚು ತಾಗಿದರೆ ಏಳುವ ಮುಂಚೆ ಅಂಚಿನ ಪಾಲಿಶ್ ಸಿಪ್ಪೆ ಏಳುತ್ತದೆ. ಹೊಸ ಮನೆಯಲ್ಲಿ ಗೆರೆಯುದ್ದಕ್ಕೂ ಅಂಚು ಸಣ್ಣಗೆ ಉದುರಿದ್ದು ಕಂಡರೆ ಒಳಗೆ ಒತ್ತಡ ಇದೆ ಅಂತ ಅರ್ಥ.

ಅಂಟಿನ ಬಗ್ಗೆ. ವಿಟ್ರಿಫೈಡ್ ನೀರು ಹೀರುವುದು ಅರ್ಧ ಪರ್ಸೆಂಟ್‌ಗಿಂತ ಕಮ್ಮಿ. ಸಿಮೆಂಟ್ ಹಾಲು ಅದಕ್ಕೆ ಹಿಡಿಯುವುದಿಲ್ಲ, ಬರೀ ಕೂತಿರುತ್ತದೆ. ಐಎಸ್ 15477 ಗುರುತು ಇರುವ ಅಂಟು ತಗೊಂಡು ಹಲ್ಲಿನ ಕರಣೆಯಲ್ಲಿ ಎಳೆದು ಕೂರಿಸಿ. ನಾಲ್ಕು ಮೂಲೆ, ನಡುವೆ ಒಂದು ಅಂತ ಐದು ಉಂಡೆ ಇಟ್ಟು ಕೂರಿಸುವುದು ಬೇಡ. ತಟ್ಟಿದರೆ ಡಬ ಡಬ ಅನ್ನುವ ಟೈಲ್ಸ್ ಮೊದಲು ಏಳುತ್ತದೆ.

ಗೋಪಾಳ_ಬಡಾವಣೆ

ನಮ್ಮದು ಅಪಾರ್ಟ್‌ಮೆಂಟ್. ಬಿಲ್ಡರ್ ಕೊಟ್ಟ ಬಾತ್‌ರೂಮಿನ ಮೂಲೆ ಮೂಲೆಗೂ ವೈಟ್ ಸಿಮೆಂಟ್ ತುಂಬಿದ್ದರು. ಒಂದೇ ವರ್ಷದಲ್ಲಿ ಎಲ್ಲ ಮೂಲೆಯಲ್ಲೂ ಕೂದಲೆಳೆ ಬಿರುಕು. ಕೇಳಿದರೆ "ಮೇಡಂ, ಅದು ನಾರ್ಮಲ್" ಅಂದರು. ಈಗ ನೀವೆಲ್ಲ ಹೇಳುವುದು ನೋಡಿದರೆ ಆ ಮೂಲೆಗಳಿಗೂ ಮೆತ್ತಗಿನದೇ ಬೇಕಿತ್ತು ಅನ್ನಿಸುತ್ತದೆ. ಸಿಲಿಕಾನ್ ಹಾಕಿಸೋಣ ಅಂದರೆ, ಸಿಂಕ್ ಪಕ್ಕ ಹಾಕಿಸಿದ್ದು ಮಳೆಗಾಲ ಮುಗಿಯುವಷ್ಟರಲ್ಲಿ ಕಪ್ಪು ಬೂಸ್ಟು ಹಿಡಿದಿತ್ತು.

ಟೈಲ್ಸ್_ಅಂಗಡಿಯವ

ಹೌದು ಮೇಡಂ. ಗೋಡೆ ಗೋಡೆ ಸೇರುವ ಮೂಲೆ, ಗೋಡೆ ನೆಲ ಸೇರುವ ಮೂಲೆ, ಅಡುಗೆ ಕಟ್ಟೆ ಗೋಡೆಗೆ ಸೇರುವಲ್ಲಿ ಗ್ರೌಟ್ ಬೇಡ. ಎರಡು ಮುಖ ಬೇರೆ ಬೇರೆ ಕಡೆ ಅಲುಗುತ್ತವೆ.

ಸಿಲಿಕಾನ್‌ನಲ್ಲಿ ಎರಡು ಜಾತಿ. ಹಚ್ಚುವಾಗ ವಿನೆಗರ್ ವಾಸನೆ ಬರುವುದು ಅಗ್ಗ. ಗಾಜಿಗೆ, ಹೊಳಪಿನ ಟೈಲ್ಸ್‌ಗೆ ನಡೆಯುತ್ತದೆ. ಸಿಮೆಂಟಿಗೂ ಮಾರ್ಬಲ್‌ಗೂ ಅದು ಆಗದು, ಹುಳಿ ಕಲ್ಲನ್ನು ತಿನ್ನುತ್ತದೆ. ಅಲ್ಲಿಗೆ ನ್ಯೂಟ್ರಲ್ ಕೇಳಿ. ಬಾತ್‌ರೂಮಿಗೆ ನ್ಯೂಟ್ರಲ್‌ನಲ್ಲೇ ಸ್ಯಾನಿಟರಿ ಅಂತ ಬರೆದಿರುವುದು, ಅದರಲ್ಲಿ ಬೂಸ್ಟಿಗೆ ಮದ್ದು ಸೇರಿಸಿರುತ್ತಾರೆ. ಹಾಗಂತ ಮಲೆನಾಡಿನ ಜೂನ್ ಜುಲೈನಲ್ಲಿ ಕಿಟಕಿ ಮುಚ್ಚಿಟ್ಟರೆ ಯಾವ ಮದ್ದೂ ನಿಲ್ಲದು. ಸ್ನಾನ ಆದಮೇಲೆ ಫ್ಯಾನ್ ಹಾಕಿ ಬಿಡಿ.

ಗ್ರಾನೈಟ್, ಮಾರ್ಬಲ್ ಇರುವಲ್ಲಿ ಕೆಲವು ಸಿಲಿಕಾನ್ ಎಣ್ಣೆ ಬಿಡುತ್ತದೆ. ಅಂಚಿನಗುಂಟ ಕಪ್ಪು ನೆರಳು ಬಿದ್ದ ಹಾಗೆ ಕಲೆ. ಉಳಿದ ತುಂಡಿನ ಮೇಲೆ ಹಚ್ಚಿ ಕೆಲವು ವಾರ ನೋಡಿ.

ಸಾಗರ_ಅಡಿಕೆ

ತಾರಸಿ ವಿಷಯಕ್ಕೆ ಬರುತ್ತೇನೆ, ಅದರ ಬಿಸಿ ನಮಗೆ ತಟ್ಟಿದೆ. ಗುತ್ತಿಗೆದಾರ ಒಬ್ಬರು ಪೂರ್ತಿ ತಾರಸಿಗೆ ಒಂದೇ ಹಾಸು ಟೈಲ್ಸ್ ಹಾಕಿ, ಪ್ಯಾರಪೆಟ್ ಗೋಡೆಗೆ ತಾಗಿಸಿ ಸಿಮೆಂಟ್ ತುಂಬಿದ್ದರು. ಟೈಲ್ಸ್ ಏಳಲಿಲ್ಲ ಮಾರಾಯ್ರೆ, ಪ್ಯಾರಪೆಟ್ ಹೋಯಿತು! ಬುಡದಲ್ಲಿ ಅಡ್ಡ ಬಿರುಕು, ಹೊರಗೆ ಗಾರೆ ಸಿಪ್ಪೆ. ನಾವು ಪಾಯ ಕುಸಿದಿದೆ ಅಂತ ತಿಳಿದು ಗಾಬರಿಯಾಗಿದ್ದೆವು. ಆಮೇಲೆ ಬಂದ ಇಂಜಿನಿಯರ್ ಟೈಲ್ಸ್ ಗೋಡೆಯನ್ನು ಹೊರಗೆ ತಳ್ಳಿದೆ ಅಂತ ತೋರಿಸಿದರು. ಬಿರುಕು ಮೂರು ಕಡೆ ಟೈಲ್ಸ್ ಮಟ್ಟಕ್ಕೇ ಇತ್ತು. ಮೆಟ್ಟಿಲ ಕೋಣೆ ಕಡೆ ಟೈಲ್ಸ್ ತಾಗಿರಲಿಲ್ಲ, ಅಲ್ಲಿ ಏನೂ ಆಗಿರಲಿಲ್ಲ.

ಸುತ್ತ ಕಟ್ ಮಾಡಿಸಿ ಸೀಲೆಂಟ್ ತುಂಬಿಸಿದೆವು. ನಡುವೆಯೂ ಗೆರೆ ಕೊಯ್ಯಿಸಿದೆವು. ಅದರಲ್ಲಿ ಒಂದು ಪಾಠ. ತಿಳಿ ಬೂದಿ ಬಣ್ಣದ ಸೀಲೆಂಟ್ ಹಾಕಬೇಡಿ. ಬೇಯಿಸಿದ ಅಡಿಕೆ ಹರಡಿದ ದಿನವೇ ಚೊಗರು ಇಳಿದು ಕೆಂಪಾಯಿತು. ಏನು ತಿಕ್ಕಿದರೂ ಹೋಗಿಲ್ಲ. ಕಂದು ಅಥವಾ ಕಪ್ಪು ಹಾಕಿ. ಇನ್ನೊಂದು, ಸೀಲೆಂಟ್ ಟೈಲ್ಸ್ ಮಟ್ಟಕ್ಕಿಂತ ತುಂಬ ಕೆಳಗೆ ನಿಂತರೆ ಅಡಿಕೆ ಗೋಟು ಅಲ್ಲೇ ಸಾಲಾಗಿ ಕೂರುತ್ತದೆ, ಗುಡಿಸಿದರೂ ಏಳುವುದಿಲ್ಲ.

ಸೈಟ್_ಇಂಜಿನಿಯರ್

ಒಳ್ಳೆ ಉದಾಹರಣೆ. ತಾರಸಿಯಲ್ಲಿ ಬಿಸಿಯ ಪಾಲೇ ದೊಡ್ಡದು, ದಿನಾ ನಡೆಯುತ್ತದೆ. ಏಪ್ರಿಲ್‌ನಲ್ಲಿ ಗಾಢ ಬಣ್ಣದ ಟೈಲ್ಸ್ 55 ಡಿಗ್ರಿ ದಾಟುತ್ತದೆ, ಬೆಳಗಿನ ಜಾವ 20ಕ್ಕೆ ಇಳಿದಿರುತ್ತದೆ. 40 ಅಡಿಗೆ ಸುಮಾರು 3 ಮಿ.ಮೀ. ಪ್ರತಿ ದಿನ ಮುಂದೆ ಹಿಂದೆ. ಕೆಳಗಿನ ಮೋಲ್ಡ್ ಅದೇ ವೇಗದಲ್ಲಿ ಬಿಸಿಯಾಗುವುದಿಲ್ಲ, ಅದೇ ಸಮಸ್ಯೆ.

ತುಂಗಾ ದಂಡೆಯವರ 30ಕ್ಕೆ 40 ತಾರಸಿಗೆ 10 ಅಡಿಯ ಚೌಕ ಮಾಡಿ. 40 ಅಡಿ ಉದ್ದವನ್ನು ಮೂರು ಅಡ್ಡ ಗೆರೆ ನಾಲ್ಕು ಭಾಗ ಮಾಡುತ್ತದೆ, 30 ಅಡಿ ಅಗಲವನ್ನು ಎರಡು ಉದ್ದ ಗೆರೆ ಮೂರು ಭಾಗ. ಜೊತೆಗೆ ಸುತ್ತ ಪ್ಯಾರಪೆಟ್ ಪಕ್ಕ. ಅಗಲ: 8 ಅಡಿಗೊಂದು ಇದ್ದರೆ 10 ಮಿ.ಮೀ., 12 ಅಡಿಗೊಂದು ಇದ್ದರೆ 12 ಮಿ.ಮೀ. ಬೇಕು. ನೀವು 12 ಮಿ.ಮೀ. ಹಿಡಿಯಿರಿ. ಗೆರೆ ಬೆಡ್ ಸಮೇತ ಕೆಳಗಿನವರೆಗೆ ಇಳಿಯಬೇಕು. ಟೈಲ್ಸ್ ಮಾತ್ರ ಬಿಟ್ಟು ಅಡಿಯ ಸಿಮೆಂಟ್ ಬೆಡ್ ಒಂದೇ ಹಾಸು ಇದ್ದರೆ ಬಿಟ್ಟೂ ಬಿಡದ ಹಾಗೆ.

ಸೀಲೆಂಟ್ ಎಷ್ಟು ಬೇಕು? ಗೆರೆಗಳು 170 ಅಡಿ, ಸುತ್ತ 140 ಅಡಿ, ಒಟ್ಟು 94 ಮೀಟರ್ ಚಿಲ್ಲರೆ. ಸೀಲೆಂಟ್ ಆಳ ಅಗಲದ ಅರ್ಧ ಇರಬೇಕು. 12ಕ್ಕೆ 6 ಅಂದರೆ ಮೀಟರ್‌ಗೆ 72 ಮಿ.ಲೀ. ಸುಮಾರು 7 ಲೀಟರ್. 600 ಮಿ.ಲೀ. ಪ್ಯಾಕ್ 12 ಬೇಕಾಗುತ್ತದೆ. ಆಳ ಅರ್ಧಕ್ಕೆ ನಿಲ್ಲಿಸದೆ ತುದಿಯವರೆಗೆ ತುಂಬಿದರೆ ದುಡ್ಡು ಡಬಲ್, ಬಾಳಿಕೆ ಅರ್ಧ.

ತುಂಗಾ_ದಂಡೆ

ಜಾಸ್ತಿ ತುಂಬಿದರೆ ಬಾಳಿಕೆ ಕಮ್ಮಿ ಹೇಗಾಗುತ್ತದೆ? ತಲೆಗೆ ಹೋಗಲಿಲ್ಲ.

ಸೈಟ್_ಇಂಜಿನಿಯರ್

ಸೀಲೆಂಟ್ ಎರಡು ಪಕ್ಕಕ್ಕೆ ಮಾತ್ರ ಅಂಟಬೇಕು. ತಳಕ್ಕೆ ಅಂಟಬಾರದು. ತಳಕ್ಕೂ ಅಂಟಿದರೆ ಸಂದು ಅಗಲವಾದಾಗ ಅದಕ್ಕೆ ಹಿಗ್ಗಲು ಸ್ವಾತಂತ್ರ್ಯವಿಲ್ಲ, ನಡುವೆ ಹರಿಯುತ್ತದೆ ಇಲ್ಲವೇ ಪಕ್ಕ ಬಿಡುತ್ತದೆ. ಅದಕ್ಕೇ ಕೆಳಗೆ ಬ್ಯಾಕರ್ ರಾಡ್ ಹಾಕುವುದು. ಫೋಮಿನ ಹಗ್ಗ ಅಷ್ಟೇ ಅದು. ಸಂದಿಗಿಂತ ಕಾಲು ಭಾಗ ದಪ್ಪ ಇರಬೇಕು, 12 ಮಿ.ಮೀ. ಸಂದಿಗೆ 15 ಮಿ.ಮೀ. ರಾಡ್. ಒತ್ತಿ ಇಳಿಸಿದರೆ ಬಿಗಿಯಾಗಿ ನಿಲ್ಲುತ್ತದೆ. ಚೂಪಾದ ಸ್ಕ್ರೂಡ್ರೈವರ್‌ನಲ್ಲಿ ಒತ್ತಬೇಡಿ. ಫೋಮ್ ತೂತಾದರೆ ಒಳಗಿನ ಗಾಳಿ ಸೀಲೆಂಟ್‌ನಲ್ಲಿ ಗುಳ್ಳೆ ಎಬ್ಬಿಸುತ್ತದೆ.

ತೆಳು ಅಂಟಿನ ಮೇಲೆ ಕೂರಿಸಿದ ಟೈಲ್ಸ್‌ಗೆ ರಾಡ್ ಇಳಿಯುವಷ್ಟು ಆಳ ಇರುವುದಿಲ್ಲ. ಅಲ್ಲಿ ತಳಕ್ಕೆ ಪ್ಲಾಸ್ಟಿಕ್ ಪ್ಯಾಕಿಂಗ್ ಟೇಪ್ ಅಂಟಿಸಿ, ಮೇಲೆ ಸೀಲೆಂಟ್ ಹಾಕಿ. ಟೇಪಿಗೆ ಅದು ಹಿಡಿಯುವುದಿಲ್ಲ.

ಕರಣೆ_ಭದ್ರಾವತಿ

ಇದನ್ನು ನಾನು ಒಂದು ದೊಡ್ಡ ಅಂಗಡಿ ಕೆಲಸದಲ್ಲಿ ನೋಡಿದ್ದೇನೆ. ಹೊರಗಿನ ಹುಡುಗರು ಬಂದಿದ್ದರು. ಸಂದಿಯ ಎರಡೂ ಕಡೆ ಮಾಸ್ಕಿಂಗ್ ಟೇಪ್ ಹಚ್ಚಿ, ಬ್ರಷ್‌ನಲ್ಲಿ ಧೂಳು ತೆಗೆದು, ಬಟ್ಟೆಯಲ್ಲಿ ಥಿನ್ನರ್ ಹಾಕಿ ಅಂಚು ಒರೆಸಿದರು. ಆಮೇಲೆ ಗನ್ನಿನಲ್ಲಿ ನಿಧಾನಕ್ಕೆ ತುಂಬಿ, ಸೋಪಿನ ನೀರಲ್ಲಿ ಅದ್ದಿದ ಚಮಚದ ಬೆನ್ನಿನಿಂದ ಒಂದೇ ಎಳೆತಕ್ಕೆ ಎಳೆದರು. ತಕ್ಷಣ ಟೇಪ್ ಕಿತ್ತರು. ಅಂಚು ಬ್ಲೇಡಲ್ಲಿ ಕೊಯ್ದ ಹಾಗೆ ನೇರ. ಟೇಪ್ ಒಣಗಿದ ಮೇಲೆ ಕಿತ್ತರೆ ಸೀಲೆಂಟ್ ಸಮೇತ ಏಳುತ್ತದೆ ಅಂದರು.

ಕೆಲಸ ಚಂದ, ಒಪ್ಪಿದೆ. ಆದರೆ ಇಷ್ಟು ತಾಳ್ಮೆಗೆ ಕೂಲಿ ಯಾರು ಕೊಡುತ್ತಾರೆ? ಚದರ ಅಡಿ ಲೆಕ್ಕದಲ್ಲಿ ಹಾಕುವವನಿಗೆ ಜಾಯಿಂಟ್ ಕೆಲಸ ಬಿಟ್ಟಿ ಕೆಲಸ. ಮನೆಯವರು ಇದನ್ನು ರನ್ನಿಂಗ್ ಅಡಿ ಲೆಕ್ಕದಲ್ಲಿ ಬೇರೆ ಮಾತಾಡಿದರೆ ನಾವೂ ನೀಟಾಗಿ ಮಾಡುತ್ತೇವೆ.

ಸೈಟ್_ಇಂಜಿನಿಯರ್

ನ್ಯಾಯವಾದ ಮಾತು. ತುಂಗಾ ದಂಡೆಯವರೇ, ರೇಟ್ ಮಾತಾಡುವಾಗಲೇ ಇದನ್ನು ಸೇರಿಸಿಕೊಳ್ಳಿ.

ಹೊಸನಗರ_ಮಳೆ

ಎಲ್ಲ ಹೇಳಿದ್ದೀರಿ, ಯಾವಾಗ ಹಾಕಬೇಕು ಅಂತ ಯಾರೂ ಹೇಳಲಿಲ್ಲ. ನಮ್ಮ ಕಡೆ ಅದೇ ಮುಖ್ಯ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೇಲೆ ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಾರಸಿ ಒಣಗುವ ಮಾತೇ ಇಲ್ಲ. ಪಕ್ಕದ ಮನೆಯಲ್ಲಿ ಆಗಸ್ಟ್‌ನಲ್ಲಿ ಒಂದು ದಿನ ಬಿಸಿಲು ಬಂತು ಅಂತ ಸೀಲೆಂಟ್ ಹಾಕಿದರು. ಮೇಲೆ ಒಣಗಿತ್ತು, ಸಂದಿಯೊಳಗೆ ತೇವ ಇತ್ತು. ಬೇಸಿಗೆಯಲ್ಲಿ ನೋಡಿದರೆ ಇಡೀ ಗೆರೆ ಹಾವಿನ ಪೊರೆ ಕಳಚಿದಂತೆ ಉದ್ದಕ್ಕೆ ಎದ್ದು ಬಂತು. ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ.

ಇನ್ನೊಂದು ಕೇಳಬೇಕಿತ್ತು. ಸೀಲೆಂಟ್ ಇದ್ದರೆ ತಾರಸಿ ಸೋರುವುದಿಲ್ಲ ಅಲ್ವಾ?

ಸೈಟ್_ಇಂಜಿನಿಯರ್

ಖಂಡಿತ ಹಾಗಲ್ಲ. ಸೀಲೆಂಟ್ ಮೇಲಿನ ಮುಚ್ಚಳ ಮಾತ್ರ. ನೀರು ತಡೆಯುವ ಕೆಲಸ ಕೆಳಗಿನ ವಾಟರ್‌ಪ್ರೂಫಿಂಗ್‌ದು. ಟೈಲ್ಸ್ ಗ್ರೌಟ್‌ನಿಂದ ನೀರು ಇಳಿದೇ ಇಳಿಯುತ್ತದೆ. ಇಳಿಜಾರು ಮೋಲ್ಡ್ ಮಟ್ಟದಲ್ಲೇ ಇರಬೇಕು, ಟೈಲ್ಸ್ ಮಟ್ಟದಲ್ಲಿ ಮಾತ್ರ ಇದ್ದರೆ ಒಳಗಿಳಿದ ನೀರು ಬೆಡ್‌ನಲ್ಲೇ ನಿಂತು ಬಿಳಿ ಉಪ್ಪಾಗಿ ಗ್ರೌಟ್‌ನಿಂದ ಹೊರಗೆ ಬರುತ್ತದೆ. ಪ್ಯಾರಪೆಟ್ ಬುಡದಲ್ಲಿ ವಾಟರ್‌ಪ್ರೂಫಿಂಗ್ ಗೋಡೆಯ ಮೇಲೆ ಒಂದು ಅಡಿ ಎತ್ತರಕ್ಕೆ ಏರಿರಬೇಕು. ಜಾಯಿಂಟ್ ಕೊಯ್ಯುವಾಗ ಬ್ಲೇಡ್ ಆ ಪದರ ತಾಗಿತೋ, ಕಥೆ ಮುಗಿಯಿತು. ಅದಕ್ಕೇ ಹೊಸ ಕೆಲಸದಲ್ಲಿ ಕೊಯ್ಯುವುದು ಬೇಡ. ಬೆಡ್ ಹಾಕುವಾಗಲೇ ಥರ್ಮಾಕೋಲ್ ಪಟ್ಟಿ ನಿಲ್ಲಿಸಿ, ಆಮೇಲೆ ಮೇಲಿನ ಅಷ್ಟು ಕಿತ್ತು ತೆಗೆಯಿರಿ.

ಸಮಯದ ಬಗ್ಗೆ ಇನ್ನೊಂದು. ಏಪ್ರಿಲ್ ಮಧ್ಯಾಹ್ನ ಟೈಲ್ಸ್ ಪೂರ್ತಿ ಹಿಗ್ಗಿ ಸಂದು ಕಿರಿದಾಗಿರುತ್ತದೆ. ಆಗ ತುಂಬಿದರೆ ರಾತ್ರಿಯೆಲ್ಲ ಎಳೆತ. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುಂಚೆ ಒಳ್ಳೆಯದು.

ತಾರಸಿಗೆ ಪಿಯು (ಪಾಲಿಯುರೆಥೇನ್ ಸೀಲೆಂಟ್) ಅಥವಾ ನಡೆದಾಡುವ ನೆಲಕ್ಕೆ ಅಂತ ಬರೆದಿರುವ ಗಟ್ಟಿ ಸಿಲಿಕಾನ್. ಕಿಟಕಿ ಗಾಜಿಗೆ ಹಾಕುವ ಮೆತ್ತನೆ ಸಿಲಿಕಾನ್ ನೆಲಕ್ಕೆ ಬೇಡ. ಗಡಸುತನ ಶೋರ್ ಎ ಅಂತ ಬರೆದಿರುತ್ತಾರೆ, ನಡೆದಾಡುವ ಕಡೆ 35 ಅಥವಾ ಮೇಲೆ ನೋಡಿ. ತಿಳಿ ಬಣ್ಣದ ಪಿಯು ಬಿಸಿಲಿಗೆ ಹಳದಿ ತಿರುಗುತ್ತದೆ. ಚೊಗರಿನ ಮನೆಯಲ್ಲಿ ಹೇಗೂ ಕಂದು ಹಾಕುವುದು, ಅಲ್ವಾ.

ಹಳೇ_ಮನೆ_ಕೊಪ್ಪ

ನಮ್ಮದು ಜಂಬಿಟ್ಟಿಗೆ ಗೋಡೆಯ ಹೆಂಚಿನ ಮನೆ. ಅದಕ್ಕೆ ತಾಗಿಸಿ ಹೊಸ ಆರ್‌ಸಿಸಿ ರೂಮು ಕಟ್ಟಿದ್ದೇವೆ. ಹಳೇ ಕಡೆ ಕಾವಿ ನೆಲ ತೆಗೆದು ಎರಡೂ ಕಡೆ ಒಂದೇ ಟೈಲ್ಸ್ ಹಾಕಿಸಿದೆವು. ಬಾಗಿಲು ದಾಟುವಲ್ಲಿ ಟೈಲ್ಸ್ ಅಡ್ಡಕ್ಕೆ ಸೀಳಿದೆ. ಬದಲಾಯಿಸಿದರೆ ಮತ್ತೆ ಅಲ್ಲೇ ಸೀಳುತ್ತದೆ.

ಸೈಟ್_ಇಂಜಿನಿಯರ್

ಸೀಳುತ್ತಲೇ ಇರುತ್ತದೆ. ಎರಡು ಬೇರೆ ಪಾಯ, ಬೇರೆ ಬೇರೆ ಕುಸಿತ. ಹೊಸ ಕಡೆ ಪ್ಲಿಂತ್‌ಗೆ ತುಂಬಿದ ಮಣ್ಣು ಒಂದೆರಡು ಮಳೆಗಾಲ ಕೂರುತ್ತಲೇ ಇರುತ್ತದೆ. ಎರಡೂ ಸೇರುವ ಗೆರೆಯ ಮೇಲೆ ಟೈಲ್ಸ್ ಹಾಯಿಸಬಾರದು. ಗೆರೆಗೆ ಸರಿಯಾಗಿ ಕಟ್ ಮಾಡಿ, 10 ಮಿ.ಮೀ. ಬಿಟ್ಟು, ಅಲ್ಯೂಮಿನಿಯಂ ಪಟ್ಟಿ ಮುಚ್ಚಿ. ಪಟ್ಟಿಯನ್ನು ಒಂದೇ ಕಡೆ ಸ್ಕ್ರೂ ಮಾಡಿ, ಇನ್ನೊಂದು ಕಡೆ ಜಾರಲಿ. ಮಟ್ಟ ವ್ಯತ್ಯಾಸ ಬರುತ್ತಿದ್ದರೆ ಜಾಯಿಂಟ್ ಅದನ್ನು ನಿಲ್ಲಿಸದು, ಟೈಲ್ಸ್ ಮಾತ್ರ ಉಳಿಸುತ್ತದೆ. ಗೋಡೆಯಲ್ಲೂ ಬಿರುಕು ಅಗಲವಾಗುತ್ತಿದ್ದರೆ ಪಾಯ ನೋಡಿಸಿ, ಟೈಲ್ಸ್ ಚಿಂತೆ ಆಮೇಲೆ.

ಕಾವಿ ನೆಲ ತೆಗೆದಿದ್ದು ಹೊಟ್ಟೆ ಉರಿಯುತ್ತದೆ, ಅದು ಬೇರೆ ವಿಷಯ ಬಿಡಿ.

ಸಾಗರ_ಅಡಿಕೆ

ಬಚ್ಚಲ ಒಲೆ ಇರುವವರು ಗಮನಿಸಿ. ಹಂಡೆ ಒಲೆಯ ಮುಖಕ್ಕೆ ಚಂದ ಅಂತ ಟೈಲ್ಸ್ ಹಾಕಬೇಡಿ. ಯಾವ ಜಾಯಿಂಟೂ ಕಾಯುವುದಿಲ್ಲ. ಒಲೆ ಬಾಯಿಯ ಸುತ್ತ ಕಲ್ಲು ಅಥವಾ ಗಾರೆ ಬಿಟ್ಟು, ದೂರದಿಂದ ಟೈಲ್ಸ್ ಶುರು ಮಾಡಿ.

ತುಂಗಾ_ದಂಡೆ

ಎಲ್ಲರಿಗೂ ಧನ್ಯವಾದ. ಭಾವನ ಹಾಲ್ ಬಗ್ಗೆ ಕೊನೇ ಪ್ರಶ್ನೆ. ಎದ್ದ ಎರಡು ಸಾಲು ತೆಗೆದು ಹೊಸದಾಗಿ ಅಂಟಿಸಿದರೆ ಸಾಕಾ? ಅದೇ ಟೈಲ್ಸ್ ಒಡೆಯದೆ ಹಾಗೇ ಇದೆ.

ಕರಣೆ_ಭದ್ರಾವತಿ

ಅದೇ ಟೈಲ್ಸ್ ಈಗ ಅದೇ ಜಾಗದಲ್ಲಿ ಕೂರುವುದಿಲ್ಲ, ನೋಡಿ ಬೇಕಾದರೆ. ಒತ್ತಡ ಬಿಟ್ಟು ಜಾಗ ಕಿರಿದಾಗಿರುತ್ತದೆ. ಬಡಿದು ಕೂರಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಪಟಾರ್. ಒಂದು ಸಾಲಿನ ಅಂಚು ಸ್ವಲ್ಪ ಕಟ್ ಮಾಡಿ ಗ್ಯಾಪ್ ಬಿಟ್ಟು ಕೂರಿಸಬೇಕು.

ಸೈಟ್_ಇಂಜಿನಿಯರ್

ಸರಿಯಾಗಿ ಹೇಳಿದಿರಿ. ಆ ಗ್ಯಾಪ್‌ಗೆ ಸೀಲೆಂಟ್. ಜೊತೆಗೆ ಸ್ಕರ್ಟಿಂಗ್ ತೆಗೆಸಿ ಗೋಡೆ ಅಂಚಿನ ಸಿಮೆಂಟ್ ಬಿಡಿಸಿ. ಸ್ಕರ್ಟಿಂಗ್ ತೆಗೆಯಲು ಮನಸ್ಸಿಲ್ಲದಿದ್ದರೆ ಅದರ ಪಕ್ಕದ ಮೊದಲ ಗ್ರೌಟ್ ಗೆರೆಯನ್ನು ಬೆಡ್‌ವರೆಗೆ ಕೊಯ್ಯಿಸಿ. ಆದರೆ ಮೊದಲು ಎಲೆಕ್ಟ್ರಿಕ್ ಪೈಪ್, ನೀರಿನ ಪೈಪ್ ನೆಲದಲ್ಲಿ ಎಲ್ಲಿ ಹಾದಿದೆ ಅಂತ ಕೇಳಿಕೊಳ್ಳಿ. ನಮ್ಮ ಕಡೆ ವೈರ್ ಪೈಪ್ ಬೆಡ್‌ನಲ್ಲೇ ಓಡಿಸಿರುತ್ತಾರೆ. ಮೇನ್ ಸ್ವಿಚ್ ಆಫ್ ಮಾಡಿಯೇ ಕಟರ್ ಹಿಡಿಯಲಿ. ಉಳಿದ ಟೈಲ್ಸ್ ಎಲ್ಲ ಒಮ್ಮೆ ತಟ್ಟಿ ನೋಡಿ, ಟೊಳ್ಳು ಇರುವುದಕ್ಕೆ ಚಾಕ್‌ಪೀಸ್‌ನಲ್ಲಿ ಗುರುತು ಹಾಕಿ. ಅರ್ಧಕ್ಕಿಂತ ಜಾಸ್ತಿ ಗುರುತು ಬಿದ್ದರೆ ರಿಪೇರಿಗೆ ದುಡ್ಡು ಹಾಕಬೇಡಿ, ಪೂರ್ತಿ ತೆಗೆಸಿ.

ತುಂಗಾ_ದಂಡೆ

ಆಯ್ತು. ಭಾನುವಾರ ಭಾವನ ಮನೆಗೆ ಹೋಗಿ ತಟ್ಟಿ ನೋಡಿ ಹೇಳುತ್ತೇನೆ. ನಮ್ಮ ಜಗಲಿ 22 ಅಡಿಗೆ 8 ಅಡಿ. ಗ್ರಾನೈಟ್ ಹಾಕುತ್ತಿದ್ದೇವೆ, ನಡುವೆ ಎರಡು ಕಂಬ ಇದೆ.

ಸೈಟ್_ಇಂಜಿನಿಯರ್

ಎರಡೂ ಕಂಬದ ನೇರಕ್ಕೆ ಒಂದೊಂದು ಗೆರೆ, ಕಂಬದ ಸುತ್ತ 8 ಮಿ.ಮೀ., ಮನೆ ಗೋಡೆಯ ಪಕ್ಕ ಸ್ಕರ್ಟಿಂಗ್ ಅಡಿಗೆ ಜಾಗ, ಮುಖ್ಯ ಬಾಗಿಲ ಹೊಸ್ತಿಲಿಗೆ ಗ್ರಾನೈಟ್ ತಾಗಬಾರದು. ಗೆರೆಯ ಅಗಲ 10. ಕಲೆ ಬಿಡದ ನ್ಯೂಟ್ರಲ್ ಸೀಲೆಂಟ್, ಗ್ರಾನೈಟ್‌ಗೆ ಅಂತ ಕೇಳಿ ತನ್ನಿ.